ಪಿಳ್ಳಮ್ಮತ್ತೆ ಮತ್ತು ನನ್ನ ಹಲ್ಲಿನ ಪ್ಲೇಟು

ನಮ್ಮ ಮನೆಯ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿ, ತುಪ್ಪದ ಗಿಂಡಿ, ನನ್ನ ರಕ್ತದೊತ್ತಡದ ಮಾತ್ರೆ ಇವುಗಳ ನಡುವೆ ಈಚೆಗೆ ಒಂದು ನೇರಳೆ ಬಣ್ಣದ ಪ್ಲಾಸ್ಟಿಕ್ ಡಬ್ಬಿ ಬಂದು ಸೇರಿಕೊಂಡಿದೆ. ಅಡಿಕೆ ಪುಡಿ ಇರಬಹುದೆಂದು ಆಸೆಯಿಂದ ಮುಚ್ಚಳ ತೆಗೆದರೆ ಒಳಗಿನಿಂದ ಒಂದು ಸಾಲು ಹಲ್ಲು ನನ್ನನ್ನು ನೋಡಿ ನಕ್ಕಿತು. ನನ್ನ ವಯಸ್ಸಿನವರಿಗೆ ಇಂಥ ತಮಾಷೆ ಒಳ್ಳೆಯದಲ್ಲ. ಅದು ಮೊಮ್ಮಗಳ ರಿಟೇನರು. ಎರಡು ವರ್ಷ ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಓಡಾಡಿದಳಲ್ಲ, ಈಗ ತಂತಿ ಬಿಚ್ಚಿದ್ದಾರೆ. ನೆಟ್ಟಗಾದ ಹಲ್ಲು ಮತ್ತೆ ಸೊಟ್ಟಗಾಗದಿರಲಿ ಎಂದು ಈ ಗಾಜಿನಂಥ ಕವಚವನ್ನು ಹಾಕಿಕೊಳ್ಳಬೇಕಂತೆ. ಹಾಕಿಕೊಳ್ಳುವುದಕ್ಕಿಂತ ಅವಳು ಅದನ್ನು ಹುಡುಕುವುದೇ ಹೆಚ್ಚು. ಒಮ್ಮೆ ದಿಂಬಿನ ಕೆಳಗೆ, ಒಮ್ಮೆ ಟೀವಿಯ ಹಿಂದೆ, ಒಮ್ಮೆ ನನ್ನ ಕನ್ನಡಕದ ಗೂಡಿನಲ್ಲಿ.

"ಹಿಂಗೆ ಎಲ್ಲೆಂದ್ರಲ್ಲಿ ಬಿಸಾಕ್ತೀಯಲ್ಲಮ್ಮ, ಕಳೆದುಹೋದ್ರೆ?" ಎಂದೆ ಮೊನ್ನೆ.

"ಇನ್ನೊಂದು ಮಾಡಿಸ್ಕೊಂಡ್ರಾಯ್ತು ಬಿಡಜ್ಜಿ."

ಇನ್ನೊಂದು! ಆ ಮಾತು ಕೇಳಿ ನನಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು. ಅವಳಿಗೆ ಗೊತ್ತಿಲ್ಲ, ಆಕೆಯ ಅಜ್ಜಿಯೂ ಒಂದು ಕಾಲದಲ್ಲಿ ಇದೇ ಜಾತಿಯ ವಸ್ತುವನ್ನು ಬಾಯಲ್ಲಿಟ್ಟುಕೊಂಡು ಸಾದಲಿ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಒಂದು ಅದ್ಭುತವಾಗಿದ್ದಳು ಎಂದು. ನಿಮಗೂ ಗೊತ್ತಿರಲಾರದು. ಕೂತುಕೊಳ್ಳಿ, ಹೇಳುತ್ತೇನೆ.

ನನ್ನ ಹಲ್ಲುಗಳಿಗೆ ಹುಟ್ಟಿನಿಂದಲೂ ಮುಂದೆ ಬರುವ ಆಸೆ. ಅಪ್ಪ ಅಮ್ಮ ಇಬ್ಬರಿಗೂ ಇಲ್ಲದ ಆ ಮಹತ್ವಾಕಾಂಕ್ಷೆ ಮೇಲಿನ ಸಾಲಿನ ನಾಲ್ಕು ಹಲ್ಲಿಗೆ ಎಲ್ಲಿಂದ ಬಂತೋ! ಕಾರಣ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹೆಬ್ಬೆರಳು ಚೀಪಿದ್ದಕ್ಕೆ ಎಂದು ಅಮ್ಮ. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮ ಗ್ರಹಣ ನೋಡಿದ್ದಕ್ಕೆ ಎಂದು ಪಕ್ಕದ ಮನೆಯವರು. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಉಂಡೆ ಕಟ್ಟಿ ಹೆಂಚಿನ ಮೇಲೆ ಎಸೆಯುತ್ತಿದ್ದೆವಲ್ಲ, ನನ್ನ ಉಂಡೆ ಸೂರಿನಿಂದ ಉರುಳಿ ವಾಪಸು ಅಂಗಳಕ್ಕೇ ಬಿದ್ದಿತ್ತು, ಅದಕ್ಕೇ ಹೀಗಾಯಿತು ಎಂದು ನಾನು. ನನ್ನ ಗುರಿ ಆಗಲೂ ಅಷ್ಟಕ್ಕಷ್ಟೆ.

ಶಾಲೆಯಲ್ಲಿ ನನ್ನ ಹೆಸರು ಸರೋಜ ಎಂದು ಮೇಷ್ಟರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆ ನಾನು ತುರಿಮಣೆ. "ಬೇಲಿಯಿಂದ ಈಚೆ ನಿಂತ್ಕೊಂಡೇ ಆಚೆ ಸೀಬೆಹಣ್ಣು ಕಚ್ತಾಳೆ ಕಣ್ರೋ" ಎನ್ನುತ್ತಿದ್ದರು. ಕಬ್ಬು ಸಿಗಿಯುವುದರಲ್ಲಿ, ಮುಸುಕಿನ ಜೋಳ ಉದುರಿಸುವುದರಲ್ಲಿ ನನಗೆ ಸರಿಸಾಟಿ ಯಾರೂ ಇರಲಿಲ್ಲ ಎನ್ನುವುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಲೋಕ ಗುಣ ನೋಡುವುದಿಲ್ಲ.

ನನ್ನ ಹಲ್ಲಿನ ನಿಜವಾದ ಕಾರಣ ನಮ್ಮ ಮನೆಯಲ್ಲೇ ಓಡಾಡುತ್ತಿತ್ತು. ಅದು ಪಿಳ್ಳಮ್ಮತ್ತೆ, ಅಪ್ಪನ ಅಕ್ಕ. ನನ್ನದು ತುರಿಮಣೆಯಾದರೆ ಅತ್ತೆಯದು ನೇಗಿಲು. ಗೌರಿಬಿದನೂರಿನ ಕಡೆ ಒಂದು ಹಳ್ಳಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆ ಮಾಡಿಕೊಟ್ಟಿದ್ದರು. ಹುಡುಗಿ ದೊಡ್ಡವಳಾದಳು, ಹಲ್ಲೂ ದೊಡ್ಡವಾದವು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಅತ್ತೆ ಒಂದು ಟ್ರಂಕು ಹೊತ್ತು ತವರಿಗೆ ಬಂದವಳು ಮತ್ತೆ ಆ ದಿಕ್ಕಿಗೆ ತಲೆ ಹಾಕಲಿಲ್ಲ. ಬಂದವಳು ಅಳುತ್ತ ಕೂರಲೂ ಇಲ್ಲ. ನೇರವಾಗಿ ನಮ್ಮ ಹುಳುವಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು ಎಂದು ಅಮ್ಮ ಹೇಳುತ್ತಿದ್ದಳು. ಅಲ್ಲಿಂದಾಚೆಗೆ ಮನೆಯ ರೇಷ್ಮೆ ಹುಳುಗಳ ಯಜಮಾನಿಕೆ ಅವಳದೇ.

ರೇಷ್ಮೆ ಹುಳು ಸಾಕಿದವರಿಗೆ ಗೊತ್ತು, ಅದೇನು ದನ ಸಾಕಿದ ಹಾಗಲ್ಲ. ಅವಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೇಕು. ಒದ್ದೆ ಸೊಪ್ಪು ಆಗದು, ಬಾಡಿದ್ದೂ ಆಗದು. ಬೀಡಿಯ ಹೊಗೆ ಆಗದು, ಘಮಘಮ ಸೋಪೂ ಆಗದು. ಅವು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಿವೆ ಎಂದರೆ ಮನೆಯಲ್ಲಿ ನಾವು ಜೋರಾಗಿ ಸೀನುವಂತಿರಲಿಲ್ಲ. ಅತ್ತೆ ಬಿದಿರಿನ ತಟ್ಟೆಯ ಮೇಲೆ ಕಣ್ಣಾಡಿಸಿ, ಕಿಕ್ಕಿರಿದ ಹುಳುಗಳ ನಡುವೆ ಕಾಯಿಲೆ ಬಿದ್ದ ಒಂದೇ ಒಂದನ್ನು ಎರಡು ಬೆರಳಲ್ಲಿ ಎತ್ತಿ ತೆಗೆಯುತ್ತಿದ್ದಳು. ಅದಕ್ಕೆ ಕಾಯಿಲೆ ಎಂದು ಆ ಹುಳುವಿಗೇ ಇನ್ನೂ ಗೊತ್ತಾಗಿರುತ್ತಿರಲಿಲ್ಲ.

ಇಂಥ ಅತ್ತೆಗೆ ಎಂಜಲು ಎಂದರೆ ಬೆಂಕಿ. ಚೆಂಬನ್ನು ತುಟಿಗೆ ತಾಗಿಸಿದವಳಲ್ಲ. ಮೊಳದೆತ್ತರದಿಂದ ಒಂದು ತೊಟ್ಟೂ ಚೆಲ್ಲದೆ ಗಂಟಲಿಗೆ ನೀರು ಬಿಟ್ಟುಕೊಳ್ಳುತ್ತಿದ್ದಳು. ಅಷ್ಟು ಉದ್ದದ ಹಲ್ಲುಗಳ ಮೇಲಿಂದ ಅದನ್ನು ಹೇಗೆ ಸಾಧಿಸುತ್ತಿದ್ದಳೋ ನಾನು ಈವರೆಗೂ ಕಂಡುಹಿಡಿದಿಲ್ಲ. ನಾನು ಕಚ್ಚಿ ಕೊಟ್ಟ ಕಡಲೆ ಮಿಠಾಯಿಯನ್ನು ಒಮ್ಮೆಯೂ ತಿಂದವಳಲ್ಲ. "ಪ್ರೀತಿ ಬೇರೆ ಕಣೇ, ಎಂಜಲು ಬೇರೆ" ಎನ್ನುತ್ತಿದ್ದಳು. ನಗುವಾಗ ಮಾತ್ರ ಸೆರಗು ಅಡ್ಡ ಹಿಡಿಯುತ್ತಿರಲಿಲ್ಲ. ಇರುವಷ್ಟೂ ಹಲ್ಲನ್ನು ಬಿಟ್ಟು ನಗುತ್ತಿದ್ದಳು. ನೋಡುವವರೇ ಬೇಕಾದರೆ ಆ ಕಡೆ ತಿರುಗಲಿ!

ಒಮ್ಮೆ ಶಿಡ್ಲಘಟ್ಟದಿಂದ ರೇಷ್ಮೆ ಇಲಾಖೆಯ ಇನ್‌ಸ್ಪೆಕ್ಟರು ಹುಳು ನೋಡಲು ಬಂದರು. ಜೊತೆಗೆ ಅವರ ಮಗಳಿದ್ದಳು. ಹುಡುಗಿ ಬಾಯಿ ಬಿಟ್ಟರೆ ಹಲ್ಲಿನ ಮೇಲೆ ತಂತಿ. ನಾನು ಹೆದರಿ ಕಂಬದ ಹಿಂದೆ ಸರಿದೆ. ಅತ್ತೆ ಹುಳುವಿನ ವಿಷಯ ಬಿಟ್ಟು ಹಲ್ಲಿನ ವಿಷಯ ಕೇಳಿದಳು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರೊಬ್ಬರು ಉಬ್ಬುಹಲ್ಲನ್ನು ಒಳಗೆ ತಳ್ಳುತ್ತಾರೆ ಎಂದು ತಿಳಿದದ್ದೇ ತಡ, ಆ ಸಂಜೆಯೇ ತಾತನ ಮುಂದೆ ಹೋಗಿ ನಿಂತಳು.

ತಾತನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಇದೇಮಿ ಕರ್ಮ ರಾ ದೇವುಡಾ! ದೇವರು ಕೊಟ್ಟಿರೋ ಹಲ್ಲಿಗೆ ತಂತಿ ಬೇಲಿ ಹಾಕ್ತಾರಾ? ನಿನ್ನ ಹಲ್ಲು ಹಿಂಗೇ ಇಲ್ವಾ? ನೀನು ಬದುಕ್ಲಿಲ್ವಾ?"

"ನಾನು ತಡ್ಕೊಂಡೆ ಅಂತ ಅವಳೂ ತಡ್ಕೋಬೇಕೇನಪ್ಪಾ?" ಎಂದಳು ಅತ್ತೆ.

ತಾತ ಬಹಳ ಹೊತ್ತು ಎಲೆ ಅಡಿಕೆ ಅಗಿದರು. ಕೊನೆಗೆ, ಏನಾದರೂ ಮಾಡಿಕೊಂಡು ಸಾಯಿ ಎಂಬರ್ಥದಲ್ಲಿ ಕೈ ಬೀಸಿದರು. ನಮ್ಮ ಮನೆಯಲ್ಲಿ ಒಪ್ಪಿಗೆ ಯಾವಾಗಲೂ ಇದೇ ರೂಪದಲ್ಲಿ ಸಿಗುತ್ತಿತ್ತು.

ಹಾಗೆ ಶುರುವಾಯಿತು ನಮ್ಮ ಬೆಂಗಳೂರಿನ ತಿರುಗಾಟ. ಶಿಡ್ಲಘಟ್ಟದವರೆಗೆ ಗಾಡಿ, ಅಲ್ಲಿಂದ ಪುಟ್ಟ ರೈಲು. ಇಳಿದು ಹುಣಿಸೆಕಾಯಿ ಕಿತ್ತುಕೊಂಡು ಓಡಿಬಂದು ಮತ್ತೆ ಹತ್ತಬಹುದು ಎಂದು ಜನ ನಗುತ್ತಿದ್ದಂಥ ರೈಲು ಅದು. ಕಿಟಕಿಯ ಪಕ್ಕ ಕೂತರೆ ಇದ್ದಿಲ ಕಿಡಿ ಲಂಗಕ್ಕೆ ಬೀಳುತ್ತಿತ್ತು. ಚಿಕ್ಕಬಳ್ಳಾಪುರ ದಾಟಿ ನಂದಿ ಬೆಟ್ಟ ಪಕ್ಕಕ್ಕೆ ಬಂದಾಗ ಅತ್ತೆ ಗಂಟು ಬಿಚ್ಚುತ್ತಿದ್ದಳು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ತಂತಿ ಕಟ್ಟಿಸಿಕೊಂಡು ವಾಪಸು ಬರುವಾಗ ರೊಟ್ಟಿ ಕಚ್ಚಲಾಗದೆ ನಾನು ಅಳುತ್ತಿದ್ದರೆ, ಅದನ್ನೇ ಚೂರು ಚೂರು ಮಾಡಿ ಮಜ್ಜಿಗೆಯಲ್ಲಿ ನೆನೆಸಿ ಕೊಡುತ್ತಿದ್ದಳು. "ಹುಳುಗೂ ಜ್ವರ ಬಂದ್ರೆ ಸೊಪ್ಪು ಸೇರಲ್ಲ ಕಣಮ್ಮ. ಜ್ವರ ಬಿಟ್ಮೇಲೆ ನೋಡು, ಹೆಂಗೆ ಮೇಯ್ತಾವೆ." ಅತ್ತೆಗೆ ಲೋಕದಲ್ಲಿ ಹುಳುವಿಗೆ ಹೋಲಿಸಲಾಗದ ಸಂಗತಿ ಯಾವುದೂ ಇರಲಿಲ್ಲ.

ಅಂತೂ ಹಲ್ಲುಗಳು ಮುನಿಸಿಕೊಂಡ ನೆಂಟರ ಹಾಗೆ ನಿಧಾನವಾಗಿ ಒಳಗೆ ಬಂದವು. ತಂತಿ ಬಿಚ್ಚಿದ ದಿನ ಡಾಕ್ಟರು ನನ್ನ ಬಾಯಿಗೆ ಹಿಟ್ಟಿನಂಥದ್ದನ್ನು ತುಂಬಿ ಅಚ್ಚು ತೆಗೆದರು. ಮುಂದಿನ ಸಲ ಹೋದಾಗ ಒಂದು ಪ್ಲೇಟು ಕೊಟ್ಟರು. ಒಸಡಿನ ಬಣ್ಣದ್ದು, ಅಂಗುಳಕ್ಕೆ ಅಂಟಿ ಕೂರುವಂಥದ್ದು. ಮುಂದೆ ಹಲ್ಲಿನ ಸಾಲನ್ನು ತಬ್ಬಿಕೊಳ್ಳಲು ಒಂದು ತಂತಿ.

"ನೋಡಮ್ಮ, ಹಲ್ಲಿಗೆ ತನ್ನ ಹಳೇ ಜಾಗದ ನೆನಪಿರುತ್ತೆ" ಎಂದರು ಡಾಕ್ಟರು. "ಬಿಟ್ಟರೆ ಅಲ್ಲಿಗೇ ಓಡುತ್ತೆ. ಊಟಕ್ಕೆ ಮಾತ್ರ ತೆಗಿ. ಉಳಿದ ಹೊತ್ತೆಲ್ಲ ಇದು ಬಾಯಲ್ಲೇ ಇರಬೇಕು. ತೆಗೆದಾಗ ತಣ್ಣೀರಲ್ಲಿ ಹಾಕಿಡಿ. ಬಿಸಿನೀರು ಮಾತ್ರ ಸೋಕಿಸಬೇಡಿ, ಸೊಟ್ಟಗಾಗಿ ಹೋಗುತ್ತೆ."

ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅತ್ತೆ ಮಾತ್ರ ಮೊಟ್ಟೆಯೊಡೆದ ಮರಿಹುಳುಗಳನ್ನು ಚಾಕಿ ಮಾಡಿ ಬೆಳೆಸುವ ಕ್ರಮ ಕೇಳಿಸಿಕೊಳ್ಳುವ ಶ್ರದ್ಧೆಯಿಂದ ಕೇಳಿಸಿಕೊಂಡಳು.

ಊರಿಗೆ ಬಂದು ಸಂಗತಿ ತಿಳಿಸಿದಾಗ ತಾತ ತೀರ್ಪು ಕೊಟ್ಟರು. "ಸರಿ. ಇದೇ ಕೊನೆ. ಇನ್ನೊಂದು ಸಲ ಹಲ್ಲು ಅಂತ ಬೆಂಗಳೂರು ದಾರಿ ಹಿಡಿದೀರೋ, ಇಬ್ರೂ ಅಲ್ಲೇ ಇದ್ದುಬಿಡಿ." ತಾತ ಮಾತು ಕೊಟ್ಟರೆ ಕೊಟ್ಟರು. ಅಂದರೆ ಆ ಪ್ಲೇಟು ಹೋದರೆ ಹೋಯಿತು. ನನ್ನ ಹಲ್ಲು ನೆನಪಿನ ದಾರಿ ಹಿಡಿದು ಹಳೇ ಜಾಗಕ್ಕೆ ಹೊರಡುವುದೇ ಸೈ.

ಮನೆಯಲ್ಲಿ ಆಮೇಲೆ ಎದ್ದ ಪ್ರಶ್ನೆ ಇದು: ಸದಾ ಎಂಜಲಾಗಿರುವ ಈ ವಸ್ತುವನ್ನು ಊಟದ ಹೊತ್ತಿಗೆ ತೆಗೆದು ಎಲ್ಲಿಡುವುದು? ಅಡುಗೆಮನೆಗೆ ಅದು ಬರಕೂಡದು ಎಂದು ಅಮ್ಮ. ದೇವರ ಗೂಡಿನ ಹತ್ತಿರ ಇಟ್ಟರೆ ಜೋಕೆ ಎಂದು ತಾತ. ಹುಳುವಿನ ಮನೆಯ ಮಾತೇ ಇಲ್ಲ. ಕಿಟಕಿಯಲ್ಲಿಟ್ಟರೆ ಕಾಗೆ, ನೆಲದಲ್ಲಿಟ್ಟರೆ ಬೆಕ್ಕು. ಕೊನೆಗೆ ಅತ್ತೆ ಸಂತೆಯಿಂದ ಒಂದು ಪುಟ್ಟ ಮಣ್ಣಿನ ಕುಡಿಕೆ ತಂದಳು. ಬಚ್ಚಲುಮನೆಯ ಜಂತಿಗೆ ನೆಲುವು ಕಟ್ಟಿ ಅದರಲ್ಲಿ ಕುಡಿಕೆ ಇಟ್ಟು ದಿನವೂ ಹೊಸ ನೀರು ತುಂಬಿಸುತ್ತಿದ್ದಳು. ಬೇರೆ ಮನೆಗಳಲ್ಲಿ ನೆಲುವಿನ ಮೇಲೆ ಬೆಣ್ಣೆ ಇರುತ್ತಿತ್ತು, ನಮ್ಮ ಮನೆಯಲ್ಲಿ ನನ್ನ ಅಂಗುಳ ಇರುತ್ತಿತ್ತು.

ದಿನಾ ಬೆಳಿಗ್ಗೆ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದ ಮೇಲೆ ಅತ್ತೆಯ ಮುಂದೆ ಬಾಯಿ ಬಿಟ್ಟು ನಿಲ್ಲಬೇಕು. ಪ್ಲೇಟನ್ನು ನಾನೇ ತೊಳೆಯಬೇಕು, ಅವಳು ಮುಟ್ಟುತ್ತಿರಲಿಲ್ಲ. ಆದರೆ ದೂರದಲ್ಲೇ ಕೂತು, "ಆ ತಂತಿ ಸಂದಿ ನೋಡು, ಅವರೆಕಾಳಿನ ಸಿಪ್ಪೆ ಅದೆ" ಎನ್ನುತ್ತಿದ್ದಳು. ಇರುತ್ತಿತ್ತು. ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ ಹಲ್ಲಿನ ಸಾಲು ನೋಡಿ, "ಹೂಂ, ನಿಂತವೆ" ಎಂದು ಬಿಟ್ಟುಬಿಡುತ್ತಿದ್ದಳು. ಈ ಒಂದು "ಹೂಂ"ಗಾಗಿ ನಾನು ಮುಖ ಗಂಟಿಕ್ಕಿಕೊಂಡೇ ಕಾಯುತ್ತಿದ್ದೆ. ಹೆತ್ತ ತಾಯಿಯೂ ನನ್ನ ಬಾಯನ್ನು ಅಷ್ಟು ಗೌರವದಿಂದ ನೋಡಿರಲಿಲ್ಲ.

ಇನ್ನು ಚಿಂತಾಮಣಿಯ ಮದುವೆಗೆ ಬರುತ್ತೇನೆ. ನಮ್ಮ ದೊಡ್ಡಪ್ಪನ ಮಗಳ ಮದುವೆ. ಬೀಗರು ಗೌರಿಬಿದನೂರಿನ ಕಡೆಯವರು. ಅತ್ತೆಯ ಗಂಡನ ಊರಿನವರೂ ಕೆಲವರು ಬರುತ್ತಾರೆಂದು ಗೊತ್ತಾದಾಗ, ಹುಳುವಿನ ನೆವ ಹೇಳಿ ಉಳಿದುಬಿಡು ಎಂದು ಅಮ್ಮ ಸೂಚಿಸಿದಳು. "ಹುಳು ಗೂಡು ಕಟ್ಟಿ ಆಯ್ತಲ್ಲ, ನಾನ್ಯಾಕೆ ಬರಬಾರ್ದು?" ಎಂದು ಅತ್ತೆ ಹಸಿರು ರೇಷ್ಮೆ ಸೀರೆಯುಟ್ಟು ಎಲ್ಲರಿಗಿಂತ ಮೊದಲು ಗಾಡಿ ಹತ್ತಿದಳು. ಕುಡಿಕೆಯನ್ನು ನನ್ನ ಕೈಗೆ ಕೊಟ್ಟಳು.

ಆದರೆ ಲಂಗ ದಾವಣಿ ಹಾಕಿ, ಜಡೆಗೆ ಮೊಗ್ಗು ಹೆಣೆಸಿಕೊಂಡ ಹುಡುಗಿ ಊಟದ ಪಂಕ್ತಿಗೆ ಕೈಯಲ್ಲಿ ಮಣ್ಣಿನ ಕುಡಿಕೆ ಹಿಡಿದು ಹೋಗುವುದೆಂದರೇನು? ಅದನ್ನು ನಮ್ಮ ಟ್ರಂಕಿನ ಹಿಂದೆ ಬಚ್ಚಿಟ್ಟು ಹೋದೆ. ಮುತ್ತುಗದ ಎಲೆಯ ಮುಂದೆ ಕೂತಾಗ, ಅಕ್ಕಪಕ್ಕದವರ ಕಣ್ಣು ತಪ್ಪಿಸಿ ಪ್ಲೇಟು ತೆಗೆದು ಎಲೆಯ ಅಂಚಿನ ಕೆಳಗೆ ತಳ್ಳಿದೆ. ಕೋಸಂಬರಿ ಬಂತು, ತೊವ್ವೆ ಬಂತು, ಒಬ್ಬಟ್ಟು ಬಂತು, ಅದರ ಮೇಲೆ ತುಪ್ಪ ಬಂತು. ಇಷ್ಟೆಲ್ಲ ಬಂದ ಮೇಲೆ ನೆನಪು ಹೋಯಿತು. ಮದುವೆಯ ಊಟದಲ್ಲಿ ಎಲೆಯನ್ನು ನಮ್ಮ ಕಡೆಗೇ ಮಡಿಚಬೇಕು, ಹಾಗೆ ಮಡಿಚಿದರೆ ಸಂಬಂಧ ಉಳಿಯುತ್ತದೆ ಎಂದು ಹೇಳಿಕೊಟ್ಟವಳೂ ಅತ್ತೆಯೇ. ನಾನು ಆಚೆಯ ಅಂಚಿನ ಅಡಿಗೆ ಬೆರಳು ಹಾಕಿ, ಕೆಳಗಿದ್ದುದನ್ನೂ ಅರಿವಿಲ್ಲದೆ ಸೇರಿಸಿ ಬಾಚಿ, ಬಹಳ ಸಂಸ್ಕಾರವಂತೆಯ ಹಾಗೆ ಮಡಿಚಿದೆ. ಪ್ಲೇಟು ಸಂಬಂಧದ ಸಮೇತ ಒಳಗೆ ಹೋಯಿತು.

ಕೈ ತೊಳೆದು ಬಂದು, ಹೆಂಗಸರ ನಡುವೆ ಕೂತು ಹೂ ಕಟ್ಟುವುದನ್ನು ನೋಡುತ್ತಿದ್ದಾಗ ನಾಲಿಗೆ ತಾನಾಗಿ ಅಂಗುಳಕ್ಕೆ ಹೋಯಿತು. ಬರೀ ಅಂಗುಳ. ಎದ್ದು ಚಪ್ಪರಕ್ಕೆ ಓಡಿದೆ. ನೆಲ ಸಾರಿಸಿ ಎರಡನೆಯ ಪಂಕ್ತಿ ಕೂತಾಗಿತ್ತು. ಅತ್ತೆಯ ಸೆರಗು ಹಿಡಿದು ಅವಳ ಕಿವಿಯಲ್ಲಿ ಹೇಳುವಷ್ಟರಲ್ಲಿ ನನಗೆ ಅಳು ಬಂದಿತ್ತು. ಅವಳು ಬೈಯಲಿಲ್ಲ.

"ಎಲೆ ಎಲ್ಲಿಗೆ ಹಾಕವ್ರೆ?" ಎಂದು ಮಾತ್ರ ಕೇಳಿದಳು.

ಚಪ್ಪರದ ಹಿಂದೆ ಗುಂಡಿ. ಮೊದಲ ಪಂಕ್ತಿಯ ಎಲೆಗಳೆಲ್ಲ ಅಲ್ಲಿ ರಾಶಿ ಬಿದ್ದಿದ್ದವು. ಮೇಲೆ ನಾಯಿ, ಕಾಗೆ, ನೊಣ. ಅನ್ನ, ಹುಳಿ, ಪಾಯಸ ಎಲ್ಲ ಒಂದಾಗಿ ಬಿಸಿಲಿಗೆ ಕಮಟು ಹಿಡಿದಿತ್ತು. ಅತ್ತೆ ಕೋಲು ತಗೊಂಡು ನಾಯಿಗಳನ್ನು ಅಟ್ಟಿದಳು. ಹಸಿರು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಬಳೆಗಳನ್ನು ಮೊಣಕೈಯ ಕಡೆ ಸರಿಸಿ, ಗುಂಡಿಗೆ ಇಳಿದು, ಬಗ್ಗಿ ಮೊದಲ ಎಲೆ ಬಿಚ್ಚಿದಳು.

ನನ್ನ ಅತ್ತೆ! ಯಾರದೋ ಚೆಂಬಿನಲ್ಲಿ ನೀರು ಕುಡಿಯದ ಅತ್ತೆ, ಊರವರ ಎಂಜಲೆಲೆಯನ್ನು ಬರಿಗೈಯಲ್ಲಿ ಬಿಚ್ಚುತ್ತಿದ್ದಳು. ಬಿಚ್ಚುವುದು, ಬೆರಳಾಡಿಸುವುದು, ಮತ್ತೆ ಮಡಿಚಿ ಎಡಕ್ಕೆ ಹಾಕುವುದು. ನೋಡಿದ್ದರ ಜೊತೆ ನೋಡದ್ದು ಬೆರೆಯಬಾರದು. ಹುಳುವಿನ ತಟ್ಟೆ ಸೋಸುವ ಕ್ರಮ ಅದು. ಅವಸರವಿಲ್ಲ, ಅಸಹ್ಯವಿಲ್ಲ.

ಸುದ್ದಿ ಚಪ್ಪರಕ್ಕೆ ಮುಟ್ಟಿತು. ಹೆಂಗಸರು ಬಂದು ದೂರದಲ್ಲಿ ಸಾಲಾಗಿ ನಿಂತರು. ಅವರಲ್ಲೊಬ್ಬಳು ಗೌರಿಬಿದನೂರಿನ ಕಡೆಯವಳು, ಸಣ್ಣ ದನಿಯೇನೂ ಅಲ್ಲದ ದನಿಯಲ್ಲಿ, "ಅಯ್ಯೋ, ಪಿಳ್ಳಮ್ಮ ಅಲ್ವೇನೆ ಅದು? ಹಲ್ಲು ಉಬ್ಬು ಅಂತ ಬಿಟ್ಟಿದ್ರಲ್ಲ... ಪಾಪ, ಈಗ ತಲೇನೂ ಕೆಟ್ಟೋಯ್ತಾ?" ಎಂದಳು. ಅತ್ತೆಗೆ ಕೇಳಿಸಿತು. ನನಗೆ ಗೊತ್ತು, ಏಕೆಂದರೆ ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಇನ್ನೊಂದು ಎಲೆ ಎತ್ತಿಕೊಂಡಳು.

ತಾತ ಓಡಿಬಂದರು. "ಪಿಳ್ಳಮ್ಮಾ! ಮೇಲೆ ಬಾ! ಬೀಗರೆಲ್ಲ ನೋಡ್ತಾವ್ರೆ, ಮಾನ ತೆಗೀತೀಯ ನಂದು!"

ಅತ್ತೆ ತಲೆ ಎತ್ತಲಿಲ್ಲ. "ಬೀಗರು ನಾಳೆ ಅವರೂರಿಗೆ ಹೋಗ್ತಾರೆ ಕಣಪ್ಪಾ. ಇವಳ ಹಲ್ಲು ಇವಳ ಬಾಯಲ್ಲೇ ಇರ್ತವೆ. ಇನ್ನೊಂದು ಮಾಡಿಸ್ತೀನಿ ಅಂತ ಈಗ್ಲೇ ಮಾತು ಕೊಡು, ಮೇಲೆ ಬರ್ತೀನಿ."

ತಾತ ಮಾತು ಕೊಡಲಿಲ್ಲ. ತಲೆಯ ಮೇಲಿನ ರುಮಾಲು ತೆಗೆದು ಮುಖ ಒರೆಸಿಕೊಂಡು ಹೊರಟುಹೋದರು. ನಾನು ಗುಂಡಿಯ ಅಂಚಿನಲ್ಲಿ ನಿಂತು ಅಳುತ್ತಿದ್ದೆ. ನಾಚಿಕೆಯಿಂದಲೂ ಹೌದು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಿಂದ ಎಂದು ಈಗ ಅನ್ನಿಸುತ್ತದೆ. ಅಷ್ಟು ಜನರ ಎದುರಿಗೆ ನನಗಾಗಿ ಯಾರಾದರೂ ಅಂಥ ಕೆಲಸ ಮಾಡಿಯಾರು ಎಂದು ನಾನು ಎಣಿಸಿಯೇ ಇರಲಿಲ್ಲ.

ರಾಶಿ ಬಲಗಡೆ ಕರಗಿ ಎಡಗಡೆ ಬೆಳೆಯಿತು. ಬಿಸಿಲು ಇಳಿಯುತ್ತಿತ್ತು. ನೋಡಿ ನೋಡಿ ಬೇಜಾರಾಗಿ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋದರು. ಕೊನೆಗೊಮ್ಮೆ ಅತ್ತೆ ಒಂದು ಎಲೆಯೊಳಗೆ ಎರಡು ಬೆರಳಿಟ್ಟು, ಒಬ್ಬಟ್ಟಿನ ಚೂರಿನ ಅಡಿಯಿಂದ ಅದನ್ನು ಎತ್ತಿದಳು. "ಸಿಕ್ತು ಕಣೇ" ಎಂದಳು. ದನಿ ನಡುಗಿತು. ಅವಳ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಾವಿಯ ಹತ್ತಿರ ಹೋಗಿ ಕೂತೆವು. ಅವಳ ಮನಸ್ಸು ಕುದಿಯುವ ನೀರಿಗೆ ಹಾತೊರೆಯುತ್ತಿದ್ದಿರಬೇಕು. ಆದರೆ ಡಾಕ್ಟರ ಮಾತು ಮೀರುವವಳಲ್ಲ. ತಣ್ಣೀರನ್ನೇ ಕೊಡ ಕೊಡ ಸೇದಿ ಸುರಿದಳು. ಅಂದಿನವರೆಗೆ ಮುಟ್ಟದಿದ್ದ ಪ್ಲೇಟನ್ನು ತಾನೇ ಸೋಪು ಹಚ್ಚಿ ಉಜ್ಜಿದಳು, ಉಪ್ಪು ತರಿಸಿ ಉಜ್ಜಿದಳು, ತಂತಿಯ ಸಂದಿಯನ್ನು ಬೇವಿನ ಕಡ್ಡಿಯಿಂದ ಕೆರೆದಳು. ಬೆಳಕಿಗೆ ಹಿಡಿದು ನೋಡಿ, "ಹೂಂ. ಹಾಕ್ಕೋ" ಎಂದು ಚಾಚಿದಳು.

ನನಗೆ ಗುಂಡಿ ಕಣ್ಣಿಗೆ ಕಟ್ಟಿತು. ನಾಯಿಯ ಮೂತಿ, ನೊಣ, ಆ ಕಮಟು. "ಥೂ! ನಾನು ಒಲ್ಲೆ. ಊರವರ ಎಂಜಲು ಅದು. ಹಲ್ಲು ಹೋದ್ರೆ ಹೋಗ್ಲಿ" ಎಂದು ಬಾಯಿ ಮುಚ್ಚಿಕೊಂಡೆ.

ಅತ್ತೆ ನನ್ನನ್ನು ನೋಡಿದಳು. ಗದರುತ್ತಾಳೆ ಎಂದುಕೊಂಡೆ. ಅವಳು ಪ್ಲೇಟನ್ನು ತಿರುಗಿಸಿ ಹಿಡಿದು ತನ್ನ ಬಾಯಿಗೆ ಇಟ್ಟುಕೊಂಡಳು.

ಹೌದು, ಪಿಳ್ಳಮ್ಮತ್ತೆಯೇ. ಪ್ರೀತಿ ಬೇರೆ, ಎಂಜಲು ಬೇರೆ ಎಂದವಳು. ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ಒತ್ತಿದಳು. ಅದು ಅವಳ ಅಂಗುಳಕ್ಕೆ ಸೇರಲಿಲ್ಲ. ನನ್ನ ಹಲ್ಲನ್ನು ತಬ್ಬಿಕೊಳ್ಳುತ್ತಿದ್ದ ತಂತಿ ಅವಳ ಹಲ್ಲಿನ ತುದಿಯ ಮೇಲೇ ನಿಂತುಬಿಟ್ಟಿತು. ಇನ್ನೊಮ್ಮೆ ಒತ್ತಿದಳು. ನನಗೆ ತೋರಿಸಲು ಒಂದು ಸಲ ಸಾಕಾಗಿತ್ತು. ಆ ಎರಡನೆಯ ಸಲ ಒತ್ತಿದ್ದು ಯಾರಿಗಾಗಿ ಎಂದು ನಾನು ಅವಳನ್ನು ಯಾವತ್ತೂ ಕೇಳಲಿಲ್ಲ.

ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನಕ್ಕಳು. "ನಂಗೆ ಕೂರಲ್ಲ ಕಣೇ. ಕೂತಿದ್ರೆ ನಿಂಗೆ ಕೊಡ್ತಿದ್ನಾ?"

ಕಣ್ಣು ತುಂಬಿತ್ತು, ಅವಳದೋ ನನ್ನದೋ. ತನ್ನ ಬಾಯಿ ಸೋಕಿದ್ದನ್ನು ತೊಳೆದು ಕೊಡಲು ಅವಳು ಚೆಂಬಿಗೆ ಕೈ ಹಾಕಿದಳು. ನಾನು ಅವಳ ಅಂಗೈಯಿಂದ ಅದನ್ನು ಕಿತ್ತುಕೊಂಡು, ಹಾಗೆಯೇ ಬಾಯಿಗೆ ಹಾಕಿಕೊಂಡೆ.